ಜಾಲದ ಸ್ವಿಚ್ಚಿನೊಡನೆ ಸಂಭಾಷಣೆ

ಸ್ವಿಚ್ ಎಂದೊಡನೆ ಗೋಡೆಯ ಮೇಲೆ ದೀಪ ಹೊತ್ತಿಸುವ ಗುಂಡಿಯೇ ನಮ್ಮ ಕಣ್ಣಮುಂದೆ ನಿಲ್ಲುವುದು. ಈ ಲೇಖನದ ವಸ್ತು ಬೇರೆ. ಕಾಲೇಜು, ಬ್ಯಾಂಕು, ಆಸ್ಪತ್ರೆಗಳಲ್ಲಿ ಹತ್ತಾರು ಕಂಪ್ಯೂಟರುಗಳನ್ನು ಒಂದೇ ಜಾಲವಾಗಿ ಕೂಡಿಸುವುದಕ್ಕೆ ಚಪ್ಪಟೆಯಾದ ಒಂದು ಲೋಹದ ಪೆಟ್ಟಿಗೆಯನ್ನು ಬಳಸುವರು. ಅದರ ಮುಖದಲ್ಲಿ ೨೪ ಅಥವಾ ೪೮ ಚೌಕ ರಂಧ್ರಗಳು ಸಾಲಾಗಿರುತ್ತವೆ. ಇವಕ್ಕೆ ಪೋರ್ಟುಗಳೆಂದು ಹೆಸರು. ಒಂದು ಪೋರ್ಟಿನಿಂದ ಒಳಬಂದ ಸಂದೇಶದ ಮೇಲಿರುವ ವಿಳಾಸವನ್ನು ಓದಿ, ಅದು ತಲುಪಬೇಕಾದ ಪೋರ್ಟಿಗೆ ಅದನ್ನು ದಾಟಿಸುವುದು ಪೆಟ್ಟಿಗೆಯ ಕೆಲಸ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ನೌಕರನ ಕೆಲಸಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಈ ಪೆಟ್ಟಿಗೆಯೇ ಜಾಲದ ಸ್ವಿಚ್.

ಇದರಲ್ಲಿ ಎರಡು ವಿಧಗಳುಂಟು. ಮೊದಲನೆಯ ವಿಧದ್ದು ಯಾರ ಆಜ್ಞೆಯನ್ನೂ ಕೇಳುವುದಿಲ್ಲ. ವಿದ್ಯುತ್ತು ದೊರೆತೊಡನೆ ತನ್ನಷ್ಟಕ್ಕೆ ಕೆಲಸ ಮಾಡತೊಡಗುತ್ತದೆ. ಎರಡನೆಯದು ಮ್ಯಾನೇಜ್ಡ್ ಸ್ವಿಚ್. ಯಾವ ಪೋರ್ಟನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಬೇಕು, ಕಚೇರಿಯ ಲೆಕ್ಕಪತ್ರಗಳಿರುವ ಕಂಪ್ಯೂಟರುಗಳನ್ನು ವಿದ್ಯಾರ್ಥಿಗಳ ಪ್ರಯೋಗಶಾಲೆಯಿಂದ ಹೇಗೆ ಬೇರ್ಪಡಿಸಬೇಕು ಎಂಬಿವೇ ಮೊದಲಾದ ಆಜ್ಞೆಗಳನ್ನು ಇದಕ್ಕೆ ಕೊಡಬಹುದು. ಕೊಟ್ಟ ಆಜ್ಞೆಗಳನ್ನು ಇದು ತನ್ನ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತದೆ. ಹೀಗೆ ಆಜ್ಞೆ ಕೊಡುವುದಕ್ಕಾಗಿಯೇ ಪೆಟ್ಟಿಗೆಯ ಮುಂದೆಯೋ ಹಿಂದೆಯೋ ಪ್ರತ್ಯೇಕವಾಗಿ ಒಂದು ಪೋರ್ಟು ಇರುವುದು. ಅದಕ್ಕೆ ಕನ್ಸೋಲ್ ಪೋರ್ಟ್ ಎನ್ನುತ್ತಾರೆ.

ಇಲ್ಲೊಂದು ಸೋಜಿಗವಿದೆ. ಇಂದಿನ ಸಾಧಾರಣ ಸ್ವಿಚ್ಚಿನ ಒಂದೊಂದು ಪೋರ್ಟೂ ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಸಾಗಿಸಬಲ್ಲದು. (ಬಿಟ್ ಎಂದರೆ ಒಂದು ಇಲ್ಲವೆ ಸೊನ್ನೆ, ಕಂಪ್ಯೂಟರಿನ ಭಾಷೆಯಲ್ಲಿ ಇವೆರಡೇ ಅಕ್ಷರಗಳು.) ಅದೇ ಪೆಟ್ಟಿಗೆಯ ಕನ್ಸೋಲ್ ಪೋರ್ಟು ಸಾಗಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ ೯೬೦೦ ಬಿಟ್ಟುಗಳನ್ನು ಮಾತ್ರ. ಎಂದರೆ, ಒಂದು ಲಕ್ಷ ಪಾಲು ಕಡಮೆ! ಇಷ್ಟು ವೇಗಶಾಲಿಯಾದ ಯಂತ್ರದೊಡನೆ ಮಾತನಾಡಲು ಇಷ್ಟು ನಿಧಾನವಾದ ಮಾರ್ಗವನ್ನು ಏತಕ್ಕೆ ಉಳಿಸಿಕೊಂಡಿದ್ದಾರೆ? ಹಳೆಯದನ್ನು ಬಿಡಲಾರದ ಜಡತ್ವವೆಂದು ಕೆಲವರು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಇಬ್ಬರು ಅಪರಿಚಿತರು ಮಾತಿಗೆ ತೊಡಗಬೇಕಾದರೆ ಅವರ ನಡುವೆ ಮೊದಲೇ ಎಷ್ಟು ಒಪ್ಪಂದವಿರಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಂಡರೆ, ಈ ನಿಧಾನದ ಮಾರ್ಗದ ಹಿರಿಮೆ ತಿಳಿಯುವುದು.

ವೇಗದ ಪೋರ್ಟುಗಳ ಮೂಲಕವೂ ಸ್ವಿಚ್ಚಿಗೆ ಆಜ್ಞೆ ಕೊಡಲು ಸಾಧ್ಯ. ದಿನನಿತ್ಯದ ಕೆಲಸವೆಲ್ಲ ನಡೆಯುವುದು ಹಾಗೆಯೇ. ಆದರೆ ಅದಕ್ಕೆ ಸ್ವಿಚ್ಚಿಗೊಂದು ಜಾಲವಿಳಾಸವಿರಬೇಕು, ಆ ವಿಳಾಸ ನಮಗೆ ತಿಳಿದಿರಬೇಕು, ನಡುವಿನ ದಾರಿಯೆಲ್ಲ ಸರಿಯಾಗಿರಬೇಕು. ಪೆಟ್ಟಿಗೆಯಿಂದ ಆಗತಾನೆ ಹೊರತೆಗೆದ ಸ್ವಿಚ್ಚಿಗೆ ಅನೇಕ ವೇಳೆ ವಿಳಾಸವೇ ಇರುವುದಿಲ್ಲ. ಇನ್ನು, ಕೆಲಸ ಮಾಡುತ್ತಿರುವ ಸ್ವಿಚ್ಚಿಗೆ ಜಾಲದ ಮೂಲಕವೇ ಒಂದು ತಪ್ಪು ಆಜ್ಞೆಯನ್ನು ಕೊಟ್ಟು, ನಾವು ಯಾವ ಪೋರ್ಟಿನಿಂದ ಮಾತನಾಡುತ್ತಿದ್ದೇವೋ ಆ ಪೋರ್ಟನ್ನೇ ಮುಚ್ಚಿಬಿಟ್ಟೆವೆನ್ನಿ. ಕುಳಿತ ಕೊಂಬೆಯನ್ನೇ ಕಡಿದಂತಾಯಿತು. ತಪ್ಪನ್ನು ತಿದ್ದುವ ಆಜ್ಞೆ ಹೋಗಬೇಕಾದದ್ದೂ ಆ ಮುಚ್ಚಿದ ದಾರಿಯಲ್ಲೇ!

ಇದು ಕೇವಲ ಕಲ್ಪನೆಯಲ್ಲ. ೨೦೨೧ನೆಯ ಇಸವಿ ಅಕ್ಟೋಬರ್ ೪ರಂದು ಫೇಸ್‌ಬುಕ್ ಸಂಸ್ಥೆಯ ಸೇವೆಗಳೆಲ್ಲವೂ, ವಾಟ್ಸ್ಆಪ್ ಸಹಿತವಾಗಿ, ಲೋಕಾದ್ಯಂತ ಸುಮಾರು ಆರು ಗಂಟೆಗಳ ಕಾಲ ನಿಂತುಹೋದುವು. ನಿರ್ವಹಣೆಯ ಸಂದರ್ಭದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಆ ಸಂಸ್ಥೆಯ ದತ್ತಾಂಶ ಕೇಂದ್ರಗಳನ್ನು ಕೂಡಿಸುವ ಬೆನ್ನೆಲುಬಿನಂತಹ ಜಾಲವೇ ಕಡಿದುಹೋಯಿತು. ಅಂತಹ ಆಜ್ಞೆಗಳನ್ನು ತಡೆಯಬೇಕಾಗಿದ್ದ ಪರಿಶೀಲನಾ ಸಾಧನದಲ್ಲಿಯೂ ದೋಷವಿದ್ದು, ಅದು ತಡೆಯಲಿಲ್ಲ. ದೂರದಿಂದ ಸರಿಪಡಿಸೋಣವೆಂದರೆ ದೂರದ ದಾರಿಗಳೇ ಇಲ್ಲ. ಅಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಪ್ರತ್ಯೇಕ ಜಾಲವೂ ಕೈಕೊಟ್ಟಿತ್ತು. ಕೊನೆಗೆ ಎಂಜಿನಿಯರುಗಳು ಯಂತ್ರಗಳಿರುವ ಸ್ಥಳಕ್ಕೇ ಹೋಗಬೇಕಾಯಿತು. ಆ ಕಟ್ಟಡಗಳ ಭದ್ರವಾದ ಕಾವಲನ್ನು ದಾಟಿ ಒಳಹೋಗುವುದಕ್ಕೇ ಹೊತ್ತು ಹಿಡಿಯಿತು. ಎಷ್ಟೇ ದೊಡ್ಡ ಜಾಲವಾಗಲಿ, ಕಟ್ಟಕಡೆಗೆ ಒಬ್ಬ ಮನುಷ್ಯ ಯಂತ್ರದ ಮುಂದೆ ನಿಂತು ಅದನ್ನು ಮುಟ್ಟಬೇಕಾದ ಪ್ರಸಂಗ ಬರುತ್ತದೆ. ಆಗ ಜಾಲವಿಲ್ಲದೆಯೂ ಯಂತ್ರದೊಡನೆ ಮಾತನಾಡುವ ಉಪಾಯ ಬೇಕು. ಕನ್ಸೋಲ್ ಪೋರ್ಟು ಇರುವುದು ಅದಕ್ಕಾಗಿ.

ಈ ಉಪಾಯದ ಮೂಲವು ತಂತಿ ವಾರ್ತೆಯ ಕಾಲದ್ದು. ಫ್ರಾನ್ಸ್ ದೇಶದ ಎಮೀಲ್ ಬೋದೊ ಎಂಬಾತ ೧೮೭೪ರಲ್ಲಿ ಪ್ರತಿಯೊಂದು ಅಕ್ಷರವನ್ನೂ ಐದು ಸಮಾನ ಸಂಜ್ಞೆಗಳಿಂದ ಸೂಚಿಸುವ ತಂತಿಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸಂಜ್ಞೆಗಳ ವೇಗವನ್ನು ಅಳೆಯುವ ಬಾಡ್ ಎಂಬ ಮಾನವು ಆತನ ಹೆಸರಿನಿಂದಲೇ ಬಂದಿದೆ. ಮುಂದೆ ಬೆರಳಚ್ಚು ಯಂತ್ರದಂತಿರುವ ಟೆಲಿಪ್ರಿಂಟರುಗಳು ಬಂದುವು. ೧೯೬೦ರಲ್ಲಿ ಅಮೆರಿಕದ ವಿದ್ಯುನ್ಮಾನ ಕೈಗಾರಿಕೆಗಳ ಸಂಘವು ಇಂತಹ ಯಂತ್ರಗಳನ್ನು ದೂರವಾಣಿ ಉಪಕರಣಗಳಿಗೆ ಜೋಡಿಸುವ ಕ್ರಮವನ್ನು ಗೊತ್ತುಪಡಿಸಿ, ಅದಕ್ಕೆ ಆರ್‌ಎಸ್-೨೩೨ ಎಂದು ಹೆಸರಿಟ್ಟಿತು. ಇಂದಿನ ಸ್ವಿಚ್ಚುಗಳ ಕನ್ಸೋಲ್ ಪೋರ್ಟು ಅನುಸರಿಸುತ್ತಿರುವುದು ಮುಖ್ಯವಾಗಿ ಆ ಕ್ರಮವನ್ನೇ.

ತಂತಿಯಲ್ಲಿ ಆಗುವುದೇನೆಂಬುದನ್ನು ನೋಡೋಣ. ಮಾತಿಗೆ ಅವಶ್ಯವಾದವು ಮೂರೇ ತಂತಿಗಳು: ನಮ್ಮಿಂದ ಅತ್ತ ಹೋಗುವುದೊಂದು, ಅತ್ತಣಿಂದ ನಮಗೆ ಬರುವುದೊಂದು, ಎರಡಕ್ಕೂ ಸಾಮಾನ್ಯವಾದ ಭೂಮಿತಂತಿಯೊಂದು. ಭೂಮಿತಂತಿಗೆ ಹೋಲಿಸಿದಂತೆ ಸಂಜ್ಞೆಯ ತಂತಿಯ ವಿಭವವು ಋಣ ೩ ವೋಲ್ಟಿನಿಂದ ಋಣ ೧೫ ವೋಲ್ಟಿನೊಳಗಿದ್ದರೆ ಅದು 'ಒಂದು'. ಧನ ೩ರಿಂದ ಧನ ೧೫ರೊಳಗಿದ್ದರೆ 'ಸೊನ್ನೆ'. ನಡುವಣ ಆರು ವೋಲ್ಟಿನ ಪ್ರದೇಶಕ್ಕೆ ಅರ್ಥವಿಲ್ಲ. ಅಕ್ಕಪಕ್ಕದ ತಂತಿಗಳಿಂದ ನುಸುಳುವ ಚಿಲ್ಲರೆ ಗಲಭೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರಲೆಂದು ಅದನ್ನು ಬಿಟ್ಟಿದ್ದಾರೆ. 'ಒಂದು' ಎಂಬುದಕ್ಕೆ ಋಣ ವಿಭವವನ್ನು ಕೊಟ್ಟಿರುವುದು ವಿಚಿತ್ರವಾಗಿ ಕಾಣುವುದಾದರೂ ಪ್ರಯೋಗಶಾಲೆಯಲ್ಲಿ ಅದರಿಂದ ಒಂದು ಅನುಕೂಲವುಂಟು. ಮಾತಿಲ್ಲದಿರುವಾಗ ತಂತಿಯು 'ಒಂದು' ಎಂಬ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಮಲ್ಟಿಮೀಟರಿನ ಕಪ್ಪು ತಂತಿಯನ್ನು ಭೂಮಿಗೂ ಕೆಂಪು ತಂತಿಯನ್ನು ಒಂದೊಂದು ಸೂಜಿಗೂ ತಾಗಿಸುತ್ತ ಹೋದರೆ, ಐದಾರು ವೋಲ್ಟಾದರೂ ಸ್ಥಿರವಾದ ಋಣ ವಿಭವವನ್ನು ತೋರಿಸುವ ಸೂಜಿಯೇ ಆ ಯಂತ್ರವು ಮಾತನಾಡುವ ಬಾಯಿ ಎಂದು ಊಹಿಸಬಹುದು.

ಈಗ ಮುಖ್ಯವಾದ ಸಮಸ್ಯೆಗೆ ಬರೋಣ. ತಂತಿಯಲ್ಲಿ ವಿಭವವು ಏರಿಳಿಯುತ್ತಿದೆ. ಎಲ್ಲಿಗೆ ಒಂದು ಬಿಟ್ ಮುಗಿದು ಮುಂದಿನದು ಆರಂಭವಾಯಿತೆಂದು ಕೇಳುವವನಿಗೆ ತಿಳಿಯುವುದು ಹೇಗೆ? ಕಾಲವನ್ನು ಸೂಚಿಸುವ ಬೇರೊಂದು ತಂತಿ ಇಲ್ಲಿಲ್ಲ. ಎರಡು ಯಂತ್ರಗಳಿಗೂ ಪ್ರತ್ಯೇಕವಾದ ಗಡಿಯಾರಗಳಿವೆ; ಅವು ಎಂದೂ ಸರಿಸಮನಾಗಿ ನಡೆಯಲಾರವು. ಇದಕ್ಕೆ ಟೆಲಿಪ್ರಿಂಟರಿನ ಕಾಲದವರು ಕಂಡುಕೊಂಡ ಪರಿಹಾರ ಬಹು ಸರಳವಾದದ್ದು: ಗಡಿಯಾರಗಳನ್ನು ಸದಾ ಹೊಂದಿಸಿಡುವ ಗೋಜಿಗೆ ಹೋಗದೆ, ಪ್ರತಿಯೊಂದು ಅಕ್ಷರದ ಆರಂಭದಲ್ಲಿಯೂ ಹೊಸದಾಗಿ ಹೊಂದಿಸಿಕೊಳ್ಳುವುದು.

ಇಂಗ್ಲಿಷಿನ 'ಎ' ಎಂಬ ದೊಡ್ಡಕ್ಷರವನ್ನು ತೆಗೆದುಕೊಳ್ಳಿ. ಆಸ್ಕಿ ಎಂಬ ಸಂಕೇತಪದ್ಧತಿಯಲ್ಲಿ ಅದರ ಸಂಖ್ಯೆ ೬೫. ದ್ವಿಮಾನದಲ್ಲಿ ಎಂಟು ಸ್ಥಾನಗಳಲ್ಲಿ ಬರೆದರೆ ೦೧೦೦೦೦೦೧. ತಂತಿಯಲ್ಲಿ ಬಲಗಡೆಯ ಕೊನೆಯ ಸ್ಥಾನವೇ ಮೊದಲು ಹೊರಡುತ್ತದೆ. ಅದಕ್ಕೂ ಮೊದಲು, ಅಲ್ಲಿಯತನಕ 'ಒಂದು' ಎಂದು ಸುಮ್ಮನಿದ್ದ ತಂತಿಯು ಒಂದು ಬಿಟ್ ಕಾಲ 'ಸೊನ್ನೆ'ಯಾಗುವುದು. ಇದು ಆರಂಭದ ಬಿಟ್, ಬಾಗಿಲು ತಟ್ಟಿದಂತೆ. ಆಮೇಲೆ ೧, ೦, ೦, ೦, ೦, ೦, ೧, ೦ ಎಂದು ಎಂಟು ಬಿಟ್ಟುಗಳು. ಕೊನೆಗೆ ತಂತಿಯು ಪುನಃ 'ಒಂದು' ಎಂಬ ಸ್ಥಿತಿಗೆ ಬಂದು ಕಡೆಯ ಪಕ್ಷ ಒಂದು ಬಿಟ್ ಕಾಲ ನಿಲ್ಲಬೇಕು. ಇದು ಅಂತ್ಯದ ಬಿಟ್. ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್ಟುಗಳಾದುವು. ೯೬೦೦ರ ವೇಗದಲ್ಲಿ ಒಂದು ಬಿಟ್ಟಿಗೆ ಹಿಡಿಯುವ ಕಾಲ ಸುಮಾರು ೧೦೪ ಮೈಕ್ರೊಸೆಕೆಂಡು (ಮೈಕ್ರೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ). ಸೆಕೆಂಡಿಗೆ ೯೬೦ ಅಕ್ಷರಗಳು. ಮನುಷ್ಯನು ಓದುವ ವೇಗಕ್ಕೆ ಇದು ಬೇಕಾದಷ್ಟಾಯಿತು.

ಕೇಳುವ ಯಂತ್ರವು ಆರಂಭದ ಬಿಟ್ಟಿನ ಅಂಚನ್ನು ಕಂಡೊಡನೆ ತನ್ನ ಗಡಿಯಾರವನ್ನು ಸೊನ್ನೆಗೆ ತಂದುಕೊಂಡು, ಅಲ್ಲಿಂದ ಒಂದೂವರೆ, ಎರಡೂವರೆ, ಮೂರೂವರೆ ಬಿಟ್ ಕಾಲಗಳಲ್ಲಿ, ಎಂದರೆ ಪ್ರತಿಯೊಂದು ಬಿಟ್ಟಿನ ನಟ್ಟನಡುವೆ, ವಿಭವವನ್ನು ನೋಡುತ್ತದೆ. ಕೊನೆಯ ನೋಟವು ಒಂಬತ್ತೂವರೆ ಬಿಟ್ ಕಾಲದಲ್ಲಿ. ಅಷ್ಟು ಹೊತ್ತಿಗೆ ಎರಡು ಗಡಿಯಾರಗಳ ವ್ಯತ್ಯಾಸವು ಅರ್ಧ ಬಿಟ್ಟಿಗೆ ಮೀರದಿದ್ದರೆ ಓದು ಸರಿಯಾಗುವುದು. ಅರ್ಧವನ್ನು ಒಂಬತ್ತೂವರೆಯಿಂದ ಭಾಗಿಸಿದರೆ ನೂರಕ್ಕೆ ಐದರಷ್ಟು ಬಂತು. ಬೇರೆ ಸಣ್ಣಪುಟ್ಟ ದೋಷಗಳಿಗೂ ಸ್ವಲ್ಪ ಬಿಡಬೇಕಾದ್ದರಿಂದ ವ್ಯವಹಾರದಲ್ಲಿ ಇನ್ನೂ ಕಡಮೆ ಇಟ್ಟುಕೊಳ್ಳುವರು. ಆದರೂ ಈ ಔದಾರ್ಯವನ್ನು ಗಮನಿಸಬೇಕು. ನೂರಕ್ಕೆ ಐದು ತಪ್ಪುವ ಕೈಗಡಿಯಾರವು ದಿನಕ್ಕೆ ೭೨ ನಿಮಿಷ ಹಿಂದೆಮುಂದೆ ನಡೆಯುವುದು; ಅದನ್ನು ನಾವು ಎಸೆದೇಬಿಡುತ್ತೇವೆ. ಅಂತಹ ಎರಡು ಗಡಿಯಾರಗಳ ನಡುವೆಯೂ ಮಾತು ನಡೆಯಬಹುದಾದ ವ್ಯವಸ್ಥೆಯಿದು. ಸ್ವಿಚ್ಚು ಎಚ್ಚರಗೊಳ್ಳುತ್ತಿರುವಾಗ, ಅದರ ಮುಖ್ಯ ತಂತ್ರಾಂಶವು ಇನ್ನೂ ಸ್ಮೃತಿಗೆ ಬಾರದಿರುವಾಗ, ಅಥವಾ ಆ ತಂತ್ರಾಂಶವೇ ಕೆಟ್ಟುಹೋಗಿರುವಾಗಲೂ, ಕನ್ಸೋಲಿನಲ್ಲಿ ನಾಲ್ಕು ಮಾತು ಹೊರಬೀಳುವುದು ಈ ಸರಳತೆಯಿಂದಲೇ.

ಮೇಲಿನದನ್ನು ಅರಿತ ವಾಚಕರಿಗೆ, ಸಂಪರ್ಕ ಮಾಡುವಾಗ ಕೇಳುವ ಐದು ಪ್ರಶ್ನೆಗಳು ಮಂತ್ರದಂತೆ ತೋರಲಾರವು. ವೇಗವೆಷ್ಟು? ಅಕ್ಷರಕ್ಕೆ ಬಿಟ್ಟುಗಳೆಷ್ಟು? ತಪ್ಪನ್ನು ಪರೀಕ್ಷಿಸುವ ಪ್ಯಾರಿಟಿ ಎಂಬ ಹೆಚ್ಚಿನ ಬಿಟ್ ಉಂಟೋ ಇಲ್ಲವೋ? ಅಂತ್ಯದ ಬಿಟ್ಟುಗಳೆಷ್ಟು? ಒಬ್ಬರು ಇನ್ನೊಬ್ಬರಿಗೆ 'ಸ್ವಲ್ಪ ತಾಳು' ಎಂದು ಹೇಳುವ ಕ್ರಮ, ಎಂದರೆ ಫ್ಲೋ ಕಂಟ್ರೋಲ್, ಯಾವುದು? ಸಿಸ್ಕೋ ಕಂಪೆನಿಯ ಸ್ವಿಚ್ಚುಗಳು ತಯಾರಾಗಿ ಬರುವಾಗ ಉತ್ತರಗಳು ಕ್ರಮವಾಗಿ ೯೬೦೦, ೮, ಇಲ್ಲ, ೧, ಯಾವುದೂ ಇಲ್ಲ. ಬೇರೆ ಕೆಲವು ತಯಾರಕರು ೩೮೪೦೦ ಅಥವಾ ೧೧೫೨೦೦ರ ವೇಗವನ್ನು ಇಟ್ಟಿರುವುದುಂಟು. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಇನ್ನು ತಂತಿಯ ವಿಚಾರ. ಅನೇಕ ಸ್ವಿಚ್ಚುಗಳ ಕನ್ಸೋಲ್ ಪೋರ್ಟು ನೋಡುವುದಕ್ಕೆ ಪಕ್ಕದ ಜಾಲದ ಪೋರ್ಟಿನಂತೆಯೇ ಇರುವುದು. ಎಂಟು ಸೂಜಿಗಳ ಅದೇ ಚೌಕ ರಂಧ್ರ. ಆಕಾರ ಒಂದಾದ ಮಾತ್ರಕ್ಕೆ ಗುಣ ಒಂದಲ್ಲ. ಜಾಲದ ಸಾಮಾನ್ಯ ತಂತಿಯಿಂದ ಕಂಪ್ಯೂಟರಿನ ಜಾಲದ ಪೋರ್ಟಿಗೂ ಕನ್ಸೋಲಿಗೂ ಸಂಬಂಧ ಕಲ್ಪಿಸಿ, ಏನೂ ಕಾಣದೆ ಕುಳಿತವರನ್ನು ನೋಡಿದ್ದೇನೆ. ಕನ್ಸೋಲಿಗೆ ಸಾಮಾನ್ಯವಾಗಿ ತಿಳಿನೀಲಿ ಬಣ್ಣದ, ಚಪ್ಪಟೆಯಾದ, ರೋಲ್‌ಓವರ್ ಎಂಬ ತಂತಿ ಬರುತ್ತದೆ. ಅದರ ಒಂದು ತುದಿಯ ೧ನೆಯ ಎಳೆ ಇನ್ನೊಂದು ತುದಿಯಲ್ಲಿ ೮ನೆಯದು, ೨ನೆಯದು ೭ನೆಯದು, ಹೀಗೆ ಎರಡು ತುದಿಗಳ ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ ೯. ಸಿಸ್ಕೋ ಸ್ವಿಚ್ಚಿನಲ್ಲಿ ೩ನೆಯ ಸೂಜಿ ಮಾತನಾಡುವುದು, ೬ನೆಯದು ಕೇಳುವುದು, ೪ ಮತ್ತು ೫ ಭೂಮಿ. ತಂತಿಯನ್ನು ತಿರುವುಮುರುವು ಮಾಡಿದೊಡನೆ ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ತಾನಾಗಿ ಸೇರುವಂತೆ, ಭೂಮಿ ಭೂಮಿಯಾಗಿಯೇ ಉಳಿಯುವಂತೆ, ಜೋಡಿಸಿಟ್ಟಿರುವ ಜಾಣತನವನ್ನು ಮೆಚ್ಚಬೇಕು.

ಇಂದಿನ ಮಡಿಲ ಕಂಪ್ಯೂಟರುಗಳಲ್ಲಿ ಹಳೆಯ ಒಂಬತ್ತು ಸೂಜಿಗಳ ಸೀರಿಯಲ್ ಪೋರ್ಟು ಇರುವುದು ಅಪರೂಪ. ಆದ್ದರಿಂದ ಯುಎಸ್‌ಬಿಯನ್ನು ಆರ್‌ಎಸ್-೨೩೨ಕ್ಕೆ ಬದಲಿಸುವ ಸಣ್ಣ ಪರಿವರ್ತಕವೊಂದು ನಡುವೆ ಬೇಕು. ಹೊಸ ಸ್ವಿಚ್ಚುಗಳಲ್ಲಿ ಈ ಪರಿವರ್ತಕವನ್ನು ಒಳಗೇ ಇಟ್ಟು ಯುಎಸ್‌ಬಿ ರಂಧ್ರವನ್ನು ಹೊರಗೆ ಬಿಟ್ಟಿರುವುದೂ ಉಂಟು. ಇಲ್ಲೊಂದು ಎಚ್ಚರಿಕೆ. ಅಂಗಡಿಗಳಲ್ಲಿ ಇದೇ ರೀತಿಯ, ಆದರೆ ಸೊನ್ನೆಯಿಂದ ೩.೩ ಅಥವಾ ೫ ವೋಲ್ಟಿನವರೆಗೆ ಮಾತ್ರ ನಡೆಯುವ ಪರಿವರ್ತಕಗಳೂ ದೊರೆಯುತ್ತವೆ. ಅವು ಬರಿಯ ವಿದ್ಯುನ್ಮಂಡಲದ ಹಲಗೆಗಳಿಗಾಗಿ ಇರುವಂತಹವು. ಆರ್‌ಎಸ್-೨೩೨ರ ವಿಭವವನ್ನು ಅವಕ್ಕೆ ಕೊಟ್ಟರೆ ಸುಟ್ಟುಹೋಗಬಹುದು.

ಪರಿವರ್ತಕವನ್ನು ಸಿಕ್ಕಿಸಿದ ಮೇಲೆ ಕಂಪ್ಯೂಟರು ಅದಕ್ಕೊಂದು ಹೆಸರು ಕೊಡುತ್ತದೆ. ವಿಂಡೋಸಿನಲ್ಲಿ ಕಾಮ್ ೩, ಕಾಮ್ ೪ ಎಂಬಂತೆ. ಲಿನಕ್ಸಿನಲ್ಲಿ ಟಿಟಿವೈ ಎಂದು ಆರಂಭವಾಗುವ ಹೆಸರು. ಟಿಟಿವೈ ಎಂಬುದು ಟೆಲಿಟೈಪ್ ಯಂತ್ರದ ಸಂಕ್ಷೇಪ. ಯಂತ್ರ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ. ಬಳಿಕ ಪುಟ್ಟಿ, ಮಿನಿಕಾಮ್ ಮುಂತಾದ ಯಾವುದಾದರೊಂದು ಟರ್ಮಿನಲ್ ತಂತ್ರಾಂಶವನ್ನು ತೆರೆದು, ಆ ಹೆಸರನ್ನೂ ಮೇಲಿನ ಐದು ಉತ್ತರಗಳನ್ನೂ ಕೊಟ್ಟು, ಎಂಟರ್ ಗುಂಡಿಯನ್ನು ಒಂದೆರಡು ಸಲ ಒತ್ತಬೇಕು. ಎಲ್ಲವೂ ಸರಿಯಾಗಿದ್ದರೆ ಸ್ವಿಚ್ಚಿನ ಹೆಸರು ಪರದೆಯ ಮೇಲೆ ಮೂಡುವುದು.

ಮೂಡದಿದ್ದರೆ? ಇಲ್ಲಿ ಭೌತವಿಜ್ಞಾನವು ಕೈಹಿಡಿಯುತ್ತದೆ. ಪರದೆ ಪೂರ್ತಿ ಖಾಲಿಯಾಗಿದ್ದರೆ ತಂತಿಯನ್ನೂ ಪೋರ್ಟಿನ ಹೆಸರನ್ನೂ ಮೊದಲು ಶಂಕಿಸಬೇಕು. ಅರ್ಥವಿಲ್ಲದ ಚಿಹ್ನೆಗಳು ಸುರಿಯುತ್ತಿದ್ದರೆ ಅದು ಶುಭಸೂಚನೆಯೇ ಸರಿ: ತಂತಿ ಕೂಡಿದೆ, ವೇಗ ಹೊಂದಿಲ್ಲ. ಸ್ವಿಚ್ಚು ೯೬೦೦ರಲ್ಲಿ ಮಾತನಾಡುತ್ತಿದ್ದು ನಾವು ೧೧೫೨೦೦ರಲ್ಲಿ ಕೇಳುತ್ತಿದ್ದೇವೆನ್ನಿ. ನಮ್ಮ ಗಡಿಯಾರ ಹನ್ನೆರಡು ಪಾಲು ಬೇಗ. ಅದು ಒಂದು ಬಿಟ್ಟನ್ನು ಹೇಳಿ ಮುಗಿಸುವುದರೊಳಗೆ ನಾವು ಹತ್ತು ಬಿಟ್ಟುಗಳ ಒಂದು ಪೂರ್ತಿ ಅಕ್ಷರವನ್ನೇ ಓದಿದೆವೆಂದು ಭ್ರಮಿಸುತ್ತೇವೆ. ಮೂರನೆಯ ಪ್ರಸಂಗ ಹೆಚ್ಚು ಸ್ವಾರಸ್ಯವಾದದ್ದು: ಸ್ವಿಚ್ಚಿನ ಮಾತು ಸ್ಪಷ್ಟವಾಗಿ ಕಾಣುತ್ತದೆ, ಆದರೆ ನಾವು ಒತ್ತಿದ ಅಕ್ಷರ ಮೂಡುವುದಿಲ್ಲ. ನಾವು ಒತ್ತಿದ ಅಕ್ಷರವನ್ನು ಪರದೆಯ ಮೇಲೆ ಬರೆಯುವುದು ನಮ್ಮ ಕಂಪ್ಯೂಟರಲ್ಲ. ಅಕ್ಷರವು ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಪ್ರತಿಧ್ವನಿಯಂತೆ ಮರಳಿಬಂದ ಮೇಲೆಯೇ ನಮಗೆ ಕಾಣುವುದು. (ಗುಪ್ತಪದವನ್ನು ಕೇಳಿದಾಗ ಸ್ವಿಚ್ಚು ಬೇಕೆಂದೇ ಪ್ರತಿಧ್ವನಿಯನ್ನು ನಿಲ್ಲಿಸುತ್ತದೆ, ಗುಂಡಿ ಕೆಟ್ಟಿತೆಂದು ಗಾಬರಿಯಾಗಬೇಕಾದ್ದಿಲ್ಲ.) ಆದ್ದರಿಂದ ಈ ಪ್ರಸಂಗದಲ್ಲಿ ಬರುವ ದಾರಿ ಸರಿಯಾಗಿದೆ, ಹೋಗುವ ದಾರಿ ಮುಚ್ಚಿದೆ ಎಂದಾಯಿತು. ಹೆಚ್ಚಿನ ವೇಳೆ ಕಾರಣ ಫ್ಲೋ ಕಂಟ್ರೋಲ್. ಬೇರೆ ಎರಡು ತಂತಿಗಳ ಮೂಲಕ 'ಕಳುಹಿಸಬಹುದೆ?', 'ಕಳುಹಿಸು' ಎಂಬ ಸಂಜ್ಞೆಗಳನ್ನು ನಿರೀಕ್ಷಿಸುವಂತೆ ನಮ್ಮ ತಂತ್ರಾಂಶಕ್ಕೆ ಹೇಳಿ, ಆ ತಂತಿಗಳಿಗೆ ಉತ್ತರವೇ ಬಾರದಿದ್ದರೆ, ಅದು ಅಪ್ಪಣೆಗಾಗಿ ಕಾಯುತ್ತಲೇ ಕುಳಿತಿರುತ್ತದೆ. ಇನ್ನೊಂದು ಕ್ರಮದಲ್ಲಿ ಕಂಟ್ರೋಲ್ ಗುಂಡಿಯೊಡನೆ 'ಎಸ್' ಒತ್ತಿದರೆ 'ತಾಳು' ಎಂದೂ, 'ಕ್ಯೂ' ಒತ್ತಿದರೆ 'ಮುಂದುವರಿಸು' ಎಂದೂ ಅರ್ಥ. ಕೈತಪ್ಪಿ 'ಎಸ್' ಒತ್ತಿದವನು ಸ್ವಿಚ್ಚೇ ಸತ್ತಿತೆಂದು ಭಾವಿಸಿ ವಿದ್ಯುತ್ತನ್ನು ಕಡಿದರೆ ಇಡೀ ಕಟ್ಟಡದ ಜಾಲ ನಿಲ್ಲುವುದು. 'ಕ್ಯೂ' ಒತ್ತಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಕನ್ಸೋಲಿನ ಸರಳತೆಗೆ ಇನ್ನೊಂದು ಮುಖವೂ ಇದೆ. ಮೂರು ತಂತಿಗಳ ಈ ಮಾರ್ಗದಲ್ಲಿ ಎದುರಿಗೆ ಯಾರಿದ್ದಾರೆಂಬುದಾಗಲಿ, ಇದ್ದವರು ಎದ್ದುಹೋದರೆಂಬುದಾಗಲಿ ಸ್ವಿಚ್ಚಿಗೆ ತಿಳಿಯುವುದಿಲ್ಲ. ಅಧಿಕಾರದ ಗುಪ್ತಪದವನ್ನು ಕೊಟ್ಟು ಕೆಲಸ ಮಾಡಿದವನು ವಿದಾಯದ ಆಜ್ಞೆಯನ್ನು ಕೊಡದೆ ತಂತಿಯನ್ನು ಮಾತ್ರ ಕಿತ್ತುಕೊಂಡು ಹೋದರೆ, ಮುಂದೆ ತಂತಿ ಸಿಕ್ಕಿಸಿದವನಿಗೆ ಅದೇ ಅಧಿಕಾರ ಕಾದಿರುತ್ತದೆ. ಸಿಸ್ಕೋ ಸ್ವಿಚ್ಚುಗಳಲ್ಲಿ ಬೇರೆ ಏನೂ ಗೊತ್ತುಪಡಿಸದಿದ್ದರೆ ಹತ್ತು ನಿಮಿಷ ಮಾತಿಲ್ಲದಿದ್ದಾಗ ತಾನಾಗಿ ಬಾಗಿಲು ಮುಚ್ಚುವುದು. ಹತ್ತು ನಿಮಿಷವೇನು ಕಡಮೆಯೆ? ಅಲ್ಲದೆ ಆ ಕಂಪೆನಿಯ ಕೆಟಲಿಸ್ಟ್ ವರ್ಗದ ಅನೇಕ ಸ್ವಿಚ್ಚುಗಳಲ್ಲಿ, ಮುಂಭಾಗದ ಗುಂಡಿಯೊಂದನ್ನು ಒತ್ತಿ ಹಿಡಿದು ವಿದ್ಯುತ್ತು ಕೊಟ್ಟರೆ, ಗುಪ್ತಪದವನ್ನು ಮರೆತವರು ಕನ್ಸೋಲಿನ ಮೂಲಕ ಅದನ್ನು ಬದಿಗೊತ್ತುವ ಅವಕಾಶ ದೊರೆಯುತ್ತದೆ. ಮರೆತವನಿಗೂ ಕಳ್ಳನಿಗೂ ಯಂತ್ರದ ಕಣ್ಣಿನಲ್ಲಿ ಭೇದವಿಲ್ಲ. ಸ್ವಿಚ್ಚುಗಳಿರುವ ಕೋಣೆಗೆ ಬೀಗ ಹಾಕುವುದು ಅದಕ್ಕಾಗಿ.

ಇಷ್ಟನ್ನು ಓದಿದ ವಿದ್ಯಾರ್ಥಿಗಳು ಸ್ವಿಚ್ ಇಲ್ಲದೆಯೂ ಒಂದು ಪ್ರಯೋಗವನ್ನು ಮಾಡಬಹುದು. ಒಂಬತ್ತು ಸೂಜಿಗಳ ಪರಿವರ್ತಕವೊಂದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ೯೬೦೦, ೮, ಪ್ಯಾರಿಟಿ ಇಲ್ಲ, ೧, ಫ್ಲೋ ಕಂಟ್ರೋಲ್ ಇಲ್ಲ ಎಂದು ಗೊತ್ತುಪಡಿಸಿ. ಅದರ ೨ ಮತ್ತು ೩ನೆಯ ಸೂಜಿಗಳನ್ನು ಚಿಕ್ಕ ತಂತಿಯಿಂದ ಕೂಡಿಸಿದರೆ ನೀವು ಒತ್ತಿದ ಅಕ್ಷರ ನಿಮಗೇ ಮರಳಿ ಕಾಣುವುದು. ತಂತಿಯನ್ನು ತೆಗೆದರೆ ಕಾಣದು. ಕನ್ನಡದ 'ಕ' ಅಕ್ಷರವನ್ನು ಕಳುಹಿಸಿದರೆ, ಇಂದಿನ ಯುಟಿಎಫ್-೮ ಸಂಕೇತದಲ್ಲಿ ಅದಕ್ಕೆ ಎಂಟು ಬಿಟ್ಟುಗಳ ಮೂರು ಗುಂಪುಗಳು ಬೇಕಾದ್ದರಿಂದ, ತಂತಿಯಲ್ಲಿ ಮೂವತ್ತು ಬಿಟ್ಟುಗಳು ಹಾಯುತ್ತವೆ. ಕಾಲೇಜಿನಲ್ಲಿ ಆಸಿಲೋಸ್ಕೋಪ್ ಇದ್ದರೆ ಅದನ್ನು ೩ ಮತ್ತು ೫ನೆಯ ಸೂಜಿಗಳ ನಡುವೆ ಜೋಡಿಸಿ, ಇಂಗ್ಲಿಷಿನ 'ಯು' ಎಂಬ ದೊಡ್ಡಕ್ಷರವನ್ನು ಒತ್ತಿ. ಅದರ ಸಂಖ್ಯೆ ೮೫, ದ್ವಿಮಾನದಲ್ಲಿ ೦೧೦೧೦೧೦೧. ಆರಂಭ ಮತ್ತು ಅಂತ್ಯದ ಬಿಟ್ಟುಗಳೂ ಸೇರಿದಾಗ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಹತ್ತು ಬಿಟ್ಟುಗಳೂ ಸರದಿಯಾಗಿ ಬದಲಾಗಿ, ಅಚ್ಚುಕಟ್ಟಾದ ಚೌಕ ಅಲೆ ಕಾಣುವುದು. ಅದರ ಒಂದು ಮೆಟ್ಟಿಲಿನ ಅಗಲವನ್ನು ಅಳೆಯಿರಿ. ೧೦೪ ಮೈಕ್ರೊಸೆಕೆಂಡಿಗೆ ಸಮೀಪವಿರಬೇಕು.

ಕೈಪಿಡಿ ಕಳೆದುಹೋದ, ವೇಗ ತಿಳಿಯದ ಹಳೆಯ ಸ್ವಿಚ್ಚೊಂದು ನಿಮ್ಮ ಕೈಗೆ ಬಂದರೂ ಮಾಡಬೇಕಾದದ್ದು ಇಷ್ಟೆ. ಅದಕ್ಕೆ ವಿದ್ಯುತ್ತು ಕೊಟ್ಟು, ಎಚ್ಚರಗೊಳ್ಳುತ್ತ ಅದು ಆಡುವ ಮಾತನ್ನು ಆಸಿಲೋಸ್ಕೋಪಿನಲ್ಲಿ ಹಿಡಿದು, ಅದರಲ್ಲಿ ಎಲ್ಲಕ್ಕಿಂತ ಕಿರಿದಾದ ಮೆಟ್ಟಿಲನ್ನು ಹುಡುಕಬೇಕು. ಅದರ ಅಗಲ ೧೦೪ ಮೈಕ್ರೊಸೆಕೆಂಡಾದರೆ ವೇಗ ೯೬೦೦, ೫೨ ಆದರೆ ೧೯೨೦೦, ೨೬ ಆದರೆ ೩೮೪೦೦, ಸುಮಾರು ೮.೭ ಆದರೆ ೧೧೫೨೦೦.